ಕಾಕಾನ ಪಂಕ್ ಬ್ಯಾಂಡೂ ಕಿನ್ನಾಳದ ಕೇಳುಗನೂ

ನಮ್ಮ ಕಾಕಾನ ರೇಡಿಯೊ ಕಾರ್ಯಕ್ರಮಕ್ಕೆ ಇಡೀ ಕೊಪ್ಪಳ ಜಿಲ್ಲೆಯಲ್ಲಿ ಒಬ್ಬನೇ ಒಬ್ಬ ಕೇಳುಗ ಬೇಕಾಗಿತ್ತು. ಆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಕೇಳುತ್ತಿದ್ದಾರೆ ಎಂಬುದೇ ಅವನ ದುಃಖ! ಇಂಥ ದುಃಖ ಬೇರೆ ಯಾರಿಗಾದರೂ ಇದ್ದೀತೆ? ಇದ್ದರೆ ತಿಳಿಸಿ, ಬರೆದುಕೊಳ್ಳುತ್ತೇನೆ. ನನಗೆ ಬರೆದುಕೊಳ್ಳುವ ಚಟವಿದೆ. ಬಸ್ಸು ಎಷ್ಟು ಹೊತ್ತಿಗೆ ಬಂತು, ಅಜ್ಜಿ ದಿನಕ್ಕೆ ಎಷ್ಟು ಸಲ ‘ನಮ್ಮ ಕಾಲದಾಗ’ ಅಂದಳು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಗೀಟು ಹಾಕಿ ಎಣಿಸಿದ ಲೆಕ್ಕ ಸಿಗುತ್ತದೆ. ಹಾಗಾಗಿ ಇಲ್ಲಿ ಬರುವ ಅಂಕಿಗಳ ಬಗ್ಗೆ ಅನುಮಾನ ಬೇಡ. ಕಾಕಾನ ಮಾತುಗಳ ಬಗ್ಗೆ ಮಾತ್ರ ನಿಮ್ಮ ಇಷ್ಟ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಕೊಪ್ಪಳದಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸುಟ್ಟ ಮೋಟರಿನ ಹೊಟ್ಟೆ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ತಿರುಗುವಂತೆ ಮಾಡುವುದು ಅವನ ಕೆಲಸ. ಕೈ ತುಂಬ ಗ್ರೀಸು, ಬಾಯಿ ತುಂಬ ಮಾತು. ಇಂಥವನು ಇಪ್ಪತ್ತು ವರ್ಷಗಳ ಹಿಂದೆ ಒಂದು ಪಂಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ.

“ಪಂಕ್ ಅಂದ್ರೇನು ಕಾಕಾ?” ಎಂದು ಕೇಳಿದೆ.

“ಸಿಟ್ಟು ಬಂದಾಗ ಹಾಡಾಕ ಬರದಿದ್ರೂ ಹಾಡೋದು, ಬಾರ್ಸಾಕ ಬರದಿದ್ರೂ ಬಾರ್ಸೋದು. ಎರಡ ನಿಮಿಷದಾಗ ಮುಗಿಸಿಬಿಡೋದು.”

“ಇದು ನಮ್ಮ ಮನ್ಯಾಗ ದಿನಾ ನಡೀತತಲ್ಲ!” ಎಂದಳು ಒಳಗಿನಿಂದ ಅಜ್ಜಿ.

ಬ್ಯಾಂಡಿನ ಹೆಸರು ‘ಸಿಂಗಲ್ ಫೇಸ್’, ಹಳ್ಳಿಗೆ ಬರುವ ಅರ್ಧಂಬರ್ಧ ಕರೆಂಟಿನದೇ ಹೆಸರು. ಸದಸ್ಯರು ಇಬ್ಬರು. ಕಾಕಾನದು ಡ್ರಮ್ಮು ಮಾತ್ರ; ಹಾಡು, ಗಿಟಾರು, ಕುಣಿತ, ಸಿಟ್ಟು ಇವೆಲ್ಲ ಅವನ ದೋಸ್ತನವು. ಕಾಕಾ ಅವನನ್ನು ಇವತ್ತಿಗೂ ‘ಲೀಡರ್’ ಎಂದೇ ಕರೆಯುತ್ತಾನೆ. ಇಬ್ಬರ ಬ್ಯಾಂಡಿನಲ್ಲಿ ಒಬ್ಬ ಲೀಡರ್ ಆದರೆ ಇನ್ನೊಬ್ಬನೇ ಇಡೀ ಪ್ರಜೆ! ಲೀಡರ್ ಕಿನ್ನಾಳದವನು, ಗೊಂಬೆಗೆ ಬಣ್ಣ ಹಾಕುವ ಮನೆತನ. ಹರೆಯದಲ್ಲಿ ಆನೆಗೊಂದಿಯ ಕಡೆ ಲಾಡ್ಜುಗಳಿಗೆ ಬೋರ್ಡು ಬರೆಯಲು ಹೋಗಿದ್ದಾಗ ಯಾರೋ ವಿದೇಶಿ ಪ್ರವಾಸಿ ಹೊರಡುವ ಗಡಿಬಿಡಿಯಲ್ಲಿ ಒಂದು ಕ್ಯಾಸೆಟ್ಟನ್ನೂ ತಂತಿ ಹರಿದ ಗಿಟಾರನ್ನೂ ಇವನಿಗೆ ಕೊಟ್ಟುಹೋದನಂತೆ. ಹರಿದ ತಂತಿಯ ಜಾಗಕ್ಕೆ ಕಾಕಾ ಮೋಟರಿನ ತಂತಿ ಕಟ್ಟಿದ. ಕೂದಲು ಮುಳ್ಳಿನಂತೆ ನಿಲ್ಲಲು ಲೀಡರ್ ಗೊಂಬೆಗೆ ಹಚ್ಚುವ ಹುಣಸೆ ಬೀಜದ ಅಂಟನ್ನೇ ತಲೆಗೆ ಹಚ್ಚಿಕೊಂಡ. ನಿಂತವು, ಬಿಡಿ. ಮೂರು ದಿನ ಮಲಗಲೇ ಇಲ್ಲ, ಕೂದಲೂ, ಅವನೂ.

ಅವರ ಹಾಡುಗಳು ಮೂರೇ. ‘ಬಸ್ ನಿಲ್ಸ್ರಿ’, ‘ಟಾಕಿ ಖಾಲಿ ಐತ್ರಿ’, ‘ನನಗ ಕೇಳಬ್ಯಾಡ್ರಿ’. ಸಿಟ್ಟಿನಲ್ಲೂ ಮರ್ಯಾದೆ ಬಿಡದ ಪಂಕ್ ಬ್ಯಾಂಡು ಭೂಮಿಯ ಮೇಲೆ ಇದೊಂದೇ ಇರಬೇಕು.

ಕುಷ್ಟಗಿಯ ಒಂದು ಗಣಪತಿ ಪೆಂಡಾಲಿನಲ್ಲಿ ಇವರ ಮೊದಲ ಕಾರ್ಯಕ್ರಮ. ಕೊನೆಯದೂ ಅದೇ. ಮೂರನೆಯ ಹಾಡಿನ ನಡುವೆ ಲೀಡರ್ ಮೈಕು ಕೆಳಗಿಟ್ಟು, ವೇದಿಕೆ ಇಳಿದು, ಸೀದಾ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟ. ಅವತ್ತಿನಿಂದ ಕಾಕಾನ ಜೊತೆ ಮಾತಿಲ್ಲ.

“ಯಾಕ ಕಾಕಾ?”

“ಕರೆಂಟ್ ಹೋತು.”

“ಕರೆಂಟ್ ಹೋದ್ರ ಮಾತ್ಯಾಕ ಬಿಡ್ತಾರ?”

“ಅದು ದೊಡ್ಡವರ ವಿಷಯ. ನೀ ಬರ್ಕೋಬ್ಯಾಡ.”

ಬರೆದುಕೊಂಡೆ.

ಹೀಗಿರುವಾಗ ಊರಂಚಿನ ಕಾಲೇಜೊಂದರ ಸಮುದಾಯ ರೇಡಿಯೊದವರು ಕಾಕಾನನ್ನು ಕರೆದರು. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಅರ್ಧ ತಾಸು, ಹದಿಮೂರು ವಾರ, ರೈತರಿಗೆ ಮೋಟರಿನ ಆರೈಕೆ ಬಗ್ಗೆ ಹೇಳಿಕೊಡಬೇಕು. ಕಾಕಾ ಒಂದೇ ಷರತ್ತು ಹಾಕಿದ: ಹತ್ತು ನಿಮಿಷ ಮೋಟರು, ಇಪ್ಪತ್ತು ನಿಮಿಷ ‘ಸಿಂಗಲ್ ಫೇಸ್’. ಅದೂ ವಿದ್ಯುತ್ತಿನ ವಿಷಯವೇ ಇರಬೇಕೆಂದು ರೇಡಿಯೊದ ಮೇಡಂ ಒಪ್ಪಿಕೊಂಡರು! ಮೊದಲ ವಾರ ಸ್ಟುಡಿಯೊದಲ್ಲಿ ಬ್ಯಾಂಡಿನ ಹಳೇ ಕ್ಯಾಸೆಟ್ಟಿನಿಂದ ‘ಬಸ್ ನಿಲ್ಸ್ರಿ’ ಮೊಳಗಿದಾಗ ಅವರು ಯಂತ್ರ ಕೆಟ್ಟಿತೆಂದು ಓಡಿ ಬಂದರಂತೆ.

“ಇಷ್ಟೆಲ್ಲಾ ಯಾಕ ಕಾಕಾ? ಕಿನ್ನಾಳ ಇಲ್ಲೇ ಐತಿ, ಹೋಗಿ ಮಾತಾಡಿದ್ರ ಆತಲ್ಲ?”

“ಎರಡ ಸಲ ಹೋಗಿದ್ನೆವ್ವಾ. ಬಾಗಲಾ ಹಾಕ್ಕೊಂಡ. ರೇಡಿಯೊಕ್ಕ ಬಾಗಲಾ ಹಾಕಾಕ ಬರಂಗಿಲ್ಲ ನೋಡು.”

ಮೂರು ಹಾಡು ಒಟ್ಟು ಸೇರಿ ಆರು ನಿಮಿಷ ಹತ್ತು ಸೆಕೆಂಡು. ವಾರಕ್ಕೆ ಇಪ್ಪತ್ತು ನಿಮಿಷದಂತೆ ಹದಿಮೂರು ವಾರ ತುಂಬುವುದು ಹೇಗೆ? ಹೊಗಳಿಕೆಯಿಂದ! ಲೀಡರ್ ಮೈಕು ಹಿಡಿಯುವ ರೀತಿಗೆ ಒಂದು ವಾರ. ಲೀಡರ್ ಉಸಿರು ತೆಗೆದುಕೊಳ್ಳುವ ಜಾಗಗಳಿಗೆ ಒಂದು ವಾರ. ಕೂದಲಿಗೆ ಎರಡು ವಾರ. ‘ಅಂಥಾ ಧ್ವನಿ ಮತ್ತ ಹುಟ್ಟಿಲ್ರಿ’ ಎಂಬ ಮಾತು ಏಳನೇ ವಾರದ ಹೊತ್ತಿಗೆ ನನ್ನ ಪುಸ್ತಕದಲ್ಲಿ ನಲವತ್ತೆರಡು ಗೀಟು ದಾಟಿತ್ತು.

ನಡುವೆ ರೈತರ ಫೋನುಗಳು. ಮೂರನೇ ವಾರದ್ದನ್ನು ಪೂರ್ತಿ ಬರೆದಿಟ್ಟಿದ್ದೇನೆ.

“ಹಲೋ, ಸರ್ರ, ನಮ್ಮ ಮೋಟರ್ ಚಾಲೂ ಆಗವಲ್ದು. ಬರೇ ಸಪ್ಪಳಾ ಮಾಡ್ತತಿ.”

“ಗುಂಯ್ ಅಂತತೋ, ಗೊರ್ ಅಂತತೋ?”

“ಎರಡರಾಗ ಏನ್ ಫರಕ್ರಿ?”

“ಗುಂಯ್ ಅಂದ್ರ ಕಂಡೆನ್ಸರ್ ಹೋಗೇತಿ. ಗೊರ್ ಅಂದ್ರ ಬೇರಿಂಗ್. ನಮ್ಮ ಲೀಡರ್ ಗಂಟಲದಾಗ ಎರಡೂ ಕೂಡಿ ಬರ್ತಿದ್ವು. ಲೈನಿನ್ಯಾಗ ಇರ್ರಿ, ಕೇಳಸ್ತೀನಿ.”

ಎರಡು ನಿಮಿಷ ‘ಟಾಕಿ ಖಾಲಿ ಐತ್ರಿ’ ನಡೆಯಿತು. ಮುಗಿದ ಮೇಲೆ ರೈತ ಬಹಳ ಯೋಚಿಸಿ ಹೇಳಿದ: “ಸರ್ರ, ಇದು ಬೇರಿಂಗ್ ಅದ ನೋಡ್ರಿ. ಬದಲಿ ಮಾಡಸ್ರಿ.”

ಅದೇ ಹಾಡಿನ ಕೊನೆಯಲ್ಲಿ ಮೂರು ಸಲ ಸುಂಯ್ ಎಂದು ಸೀಟಿ ಬರುತ್ತದೆ. ‘ಇದು ಹಿನ್ನೆಲೆ ವಾದ್ಯ, ಹೊಸಾ ಪ್ರಯೋಗ’ ಎಂದು ಕಾಕಾ ಒಂದು ವಾರವೆಲ್ಲ ವಿವರಿಸಿದ. ಮನೆಯಲ್ಲಿ ರೇಡಿಯೊ ಮುಂದೆ ಕುಳಿತಿದ್ದ ಅಜ್ಜಿ ಸಿಡಿದಳು. “ಯಾವ ವಾದ್ಯ? ಅದು ನನ್ನ ಕುಕ್ಕರ್! ನನ್ನ ಅಡಗಿಮನ್ಯಾಗ ಕುಂತ ರೆಕಾರ್ಡ್ ಮಾಡ್ಯಾರ. ಇನ್ನ ಎರಡ ಸೀಟಿ ಬೇಕಿತ್ತು, ಹಾಡು ಮುಗೀತಂತ ಇವ ಒಲಿ ಆರಿಸಿದ. ಅವತ್ತ ಬ್ಯಾಳಿ ಬೆಂದಿರಲೇ ಇಲ್ಲ.”

ಆದರೆ ಕಾಕಾನಿಗೆ ಬೇಕಾಗಿದ್ದುದು ಒಂದೇ ಸುದ್ದಿ: ಈ ರೇಡಿಯೊ ಕಿನ್ನಾಳದಲ್ಲಿ ಕೇಳಿಸುತ್ತದೆಯೋ ಇಲ್ಲವೋ? ಸಮುದಾಯ ರೇಡಿಯೊದ ಅಲೆ ದೂರ ಹೋಗುವುದಿಲ್ಲ. ನನ್ನ ಕೈಗೆ ಒಂದು ಟ್ರಾನ್ಸಿಸ್ಟರ್ ಬಂತು. ಅಂಗಡಿಯ ಸ್ಕೂಟಿ ಬಂತು. ಗಂಗಾವತಿ ರಸ್ತೆ, ಯಲಬುರ್ಗಾ ರಸ್ತೆ, ಮುನಿರಾಬಾದಿನ ಕಡೆ, ಎಲ್ಲಿ ಧ್ವನಿ ಸೋಲುತ್ತದೆ, ಎಲ್ಲಿ ಸಾಯುತ್ತದೆ ಎಂದು ಕಿಲೋಮೀಟರ್ ಕಲ್ಲುಗಳ ಲೆಕ್ಕದಲ್ಲಿ ಶಿಸ್ತಾಗಿ ಬರೆದು ತಂದೆ. ಕಾಕಾ ಆ ಹಾಳೆಗಳನ್ನು ನೋಡಲೂ ಇಲ್ಲ. “ಗಂಗಾವತಿ ಬಿಡು, ಯಲಬುರ್ಗಾ ಬಿಡು. ಕಿನ್ನಾಳ ಹೇಳು.”

ಕಿನ್ನಾಳದ ರಸ್ತೆಯಲ್ಲಿ ಎಂಟನೇ ಕಲ್ಲಿನ ಬಳಿ ಕಾಕಾನ ಧ್ವನಿ ಗೊರಗೊರ ಎಂದು ನಿಂತೇಹೋಯಿತು. ಎದುರಿಗೆ ಚಹಾದ ಅಂಗಡಿ. ನಾನು ಬರೆದುಕೊಳ್ಳುತ್ತಿರುವುದನ್ನು ಕಂಡು ಜನ ಸೇರಿದರು.

“ಏನ್ ಸರ್ವೇರಿ ಮೇಡಂ? ಮನಿ ಕೊಡೋದೋ, ಪಿಂಚಣಿದೋ?”

“ಯಾವುದೂ ಅಲ್ರಿ. ರೇಡಿಯೊದ್ದು.”

“ಯಾವುದರ ಆಗಲಿ, ನಮ್ಮ ಹೆಸರ ಇರ್ಲಿ ಬರ್ಕೊಳ್ರಿ!”

ಬೇಡವೆಂದರೂ ಬಿಡದೆ ಹನ್ನೊಂದು ಜನ ಹೆಸರು ಬರೆಸಿದರು. ಮುಂದಿನ ಭಾನುವಾರ ಕಾಕಾ ‘ನಮ್ಮಣ್ಣನ ಮಗಳು ಪುಸ್ತಕದಾಗ ಬರ್ಕೊಂಡು ಬಂದಾಳ’ ಎನ್ನುತ್ತ ಆ ಹನ್ನೊಂದೂ ಹೆಸರನ್ನು ‘ನಮ್ಮ ಬ್ಯಾಂಡಿನ ಕಿನ್ನಾಳ ಭಾಗದ ಅಭಿಮಾನಿಗಳು’ ಎಂದು ರೇಡಿಯೊದಲ್ಲಿ ಓದಿದ!

ಎಲ್ಲ ವಾರಗಳಲ್ಲೂ ಒಂದು ಮಾತು ಮಾತ್ರ ಬದಲಾಗಲಿಲ್ಲ. ಹೊಗಳಿಕೆಯೆಲ್ಲ ಮುಗಿದ ಮೇಲೆ ಕಾಕಾ ನಿಟ್ಟುಸಿರಿಟ್ಟು ಹೇಳುತ್ತಿದ್ದ: “ಕುಷ್ಟಗ್ಯಾಗ ಕರೆಂಟ್ ಹೋಗಿರಲಿಲ್ಲ ಅಂದ್ರ ನಮ್ಮ ಲೀಡರ್ ಇವತ್ತ ಎಲ್ಲಿ ಇರ್ತಿದ್ದ!”

ಒಂಬತ್ತನೇ ವಾರ ಇದನ್ನು ಕೇಳುತ್ತ ಅಜ್ಜಿ ಹೀರೇಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು. “ಆ ಪೆಂಡಾಲಿನ್ಯಾಗ ನಾನೂ ಇದ್ದೆ ಯವ್ವಾ. ಕರೆಂಟ್ ಎಲ್ಲಿ ಹೋಗಿತ್ತು? ಇವನ ಕೈ ಹೋಗಿತ್ತು.”

ನಮ್ಮಜ್ಜ ಊರಿನ ಭಜನಾ ಮೇಳದ ಹಿರಿಯ. ಕಾಕಾ ಆರನೇ ವಯಸ್ಸಿನಿಂದ ಅದರಲ್ಲಿ ಢೋಲಕ್ ಬಾರಿಸಿದವನು. ಆ ಮೇಳದಲ್ಲಿ ಒಂದು ಕಟ್ಟುನಿಟ್ಟು: ಯಾವ ಹಾಡು ನಡೆದಿರಲಿ, ಎಷ್ಟೇ ರಂಗೇರಿರಲಿ, ಆರತಿಯ ಗಂಟೆ ಬಡಿದ ಕೂಡಲೇ ಢೋಲಕ್ಕು ಮಂಗಳಾರತಿಯ ನಡೆಗೆ ತಿರುಗಬೇಕು. ತಿರುಗದಿದ್ದರೆ ಅಜ್ಜನ ಕೈ ಬೆನ್ನಿಗೆ ತಿರುಗುತ್ತಿತ್ತು. ಕುಷ್ಟಗಿಯಲ್ಲಿ ಲೀಡರ್ ಕಣ್ಣುಮುಚ್ಚಿ ಗಂಟಲು ಹರಿಯುವಂತೆ ‘ನನಗ ಕೇಳಬ್ಯಾಡ್ರಿ’ ಎಂದು ಚೀರುತ್ತಿದ್ದಾಗ ಪೆಂಡಾಲಿನ ಪೂಜಾರಿ ಗಂಟೆ ಹಿಡಿದ. ಕಾಕಾನ ಎರಡೂ ಕೈಗಳು ಕಾಕಾನನ್ನು ಕೇಳದೆ ಮಂಗಳಾರತಿಗೆ ಹೊರಟುಹೋದವು! ಜನ ಎದ್ದು ನಿಂತರು. ಚಪ್ಪಾಳೆ ತಟ್ಟಿ ಆರತಿ ಹಾಡಿದರು. ಮುಳ್ಳುಗೂದಲಿನ ಲೀಡರನ ಹಣೆಗೆ ಒಬ್ಬ ಮುದುಕಿ ಕುಂಕುಮ ಹಚ್ಚಿ ಕೈಮುಗಿದಳು. ಅವನು ಮೈಕು ಕೆಳಗಿಟ್ಟದ್ದು ಆಗ.

ನಗು ತಡೆಯಲಾಗದೆ ನಾನು ಪುಸ್ತಕ ಮುಚ್ಚಿದೆ. ಅಜ್ಜಿ ನಗಲಿಲ್ಲ.

“ಮರುದಿನ ಊರಾಗ ಕೇಳಿದವರಿಗೆಲ್ಲಾ ಇವ ಕರೆಂಟ್ ಹೋತು ಅಂದ. ಕತ್ತಲಿಗಿ ಹೆದರಿ ಓಡಿಹೋದ ಅಂತ ಮಂದಿ ಆ ಹುಡುಗಗ ಹೆಸರಿಟ್ರು. ಸಂತಿಗಿ ಬಂದ್ರೂ ನಗತಿದ್ರು. ಅಂವಾ ಒಂದ ದಿನ ಬಾಯಿ ಬಿಡಲಿಲ್ಲ, ದೋಸ್ತನ ಮರ್ಯಾದಿ ಹೋಗಬಾರದಂತ. ಈಗ ಇವ ಅದನ್ನ ವಾರಾ ವಾರಾ ರೇಡಿಯೊದಾಗ ಹೇಳ್ತಾನ.”

ಅಂಗಡಿಗೆ ಹೋಗಿ ನೇರವಾಗಿ ಕೇಳಿದೆ. “ಕಾಕಾ, ನೀ ಒಂಬತ್ತ ವಾರದಿಂದ ಲೀಡರ್‌ನ ಹೊಗಳಾಕ್ಹತ್ತೀಯೋ, ಬಯ್ಯಾಕ್ಹತ್ತೀಯೋ?”

ಕಾಕಾ ತಂತಿ ಸುತ್ತುತ್ತಿದ್ದ. ಕೈ ನಿಂತಿತು. ಸುತ್ತಿನ ಲೆಕ್ಕ ತಪ್ಪಿಹೋಗಿ, ಸುತ್ತಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡಿದ. ಮುಂದಿನ ಮೂರು ವಾರವೂ ಕುಷ್ಟಗಿಯಲ್ಲಿ ಕರೆಂಟ್ ಹೋಯಿತು. ಆದರೆ ದನಿ ಮಾತ್ರ ಪ್ರತಿ ಸಲವೂ ಆ ಮಾತಿನ ಹತ್ತಿರ ಬಂದಾಗ ಕುಗ್ಗುತ್ತಿತ್ತು.

ಹದಿಮೂರನೆಯ ಭಾನುವಾರ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ರೇಡಿಯೊದಲ್ಲಿ ಅಂಗಿ ಯಾರಿಗೆ ಕಾಣುತ್ತದೆ ಎಂದು ಕೇಳುವ ಧೈರ್ಯ ನನಗೂ ಆಗಲಿಲ್ಲ. “ಇದು ಕಡೀ ಸಲ. ನೀ ಕಿನ್ನಾಳಕ್ಕ ಹೋಗು. ಊರಾಗ ಕೇಳಸ್ತತೋ ಇಲ್ಲೋ ಅಷ್ಟ ನೋಡ್ಕೊಂಡು ಬಾ. ಅವನ ಮನಿ ಮುಂದ ಮಾತ್ರ ನಿಂದ್ರಬ್ಯಾಡ” ಎಂದ.

ಹೋದೆ. ಎಂಟನೇ ಕಲ್ಲಿಗೆ ಎಂದಿನಂತೆ ಟ್ರಾನ್ಸಿಸ್ಟರ್ ಸತ್ತಿತು. ಊರೊಳಗೂ ಬರೀ ಗೊರಗೊರ. ‘ಇಲ್ಲ’ ಎಂದು ಬರೆದು ಸ್ಕೂಟಿ ತಿರುಗಿಸಬೇಕು, ಅಷ್ಟರಲ್ಲಿ ಒಂದು ಓಣಿಯ ಒಳಗಿನಿಂದ ಕಾಕಾನ ಧ್ವನಿ! ಸ್ವಚ್ಛವಾಗಿ, ಎದುರಿಗೆ ಕುಳಿತು ಮಾತಾಡಿದಂತೆ! ಧ್ವನಿ ಹಿಡಿದು ನಡೆದೆ. ಒಂದು ಮನೆಯ ಕಿಟಕಿಯಿಂದ ರೇಡಿಯೊದ ಏರಿಯಲ್ ಆಗಿ ತಾಮ್ರದ ತಂತಿಯೊಂದು ಹೊರಟು, ಮಾಳಿಗೆ ಹತ್ತಿ, ಹಿತ್ತಲಿನ ಬೇವಿನ ಮರದ ತುದಿಯವರೆಗೂ ಹೋಗಿತ್ತು. ಅಷ್ಟೆತ್ತರ ಹತ್ತಿ ಯಾರೋ ಅದನ್ನು ಕಟ್ಟಿದ್ದರು. ತಂತಿ ಹೊಸದಲ್ಲ, ಕೆಲವು ಮಳೆ ಬಿಸಿಲು ಕಂಡು ಮಸುಕಾಗಿತ್ತು. ತೆರೆದ ಬಾಗಿಲಿನೊಳಗೆ ನಲವತ್ತೈದರ ಆಸುಪಾಸಿನ ಒಬ್ಬಾತ ಮರದ ಗಿಳಿಯ ಕೊಕ್ಕಿಗೆ ಕೆಂಪು ಹಚ್ಚುತ್ತ ಕುಳಿತಿದ್ದ. ಕೂದಲು ನೆಲದತ್ತ ವಿನಯವಾಗಿ ಬಾಗಿತ್ತು.

ರೇಡಿಯೊದಲ್ಲಿ ಕಾಕಾ “ಕುಷ್ಟಗ್ಯಾಗ ಅವತ್ತ ಕರೆಂಟ್...” ಎಂದು ನಿಲ್ಲಿಸಿದ. ಅಭ್ಯಾಸಬಲದಿಂದ ಎಣಿಸಿದೆ: ಹದಿನಾಲ್ಕು ಸೆಕೆಂಡು.

“ಕರೆಂಟ್ ಹೋಗಿರಲಿಲ್ರಿ. ಗಂಟಿ ಬಡೀತು, ನನ್ನ ಕೈ ಮಂಗಳಾರತಿಗಿ ಹೋತು. ಅಂವಾ ಯಾವುದಕ್ಕೂ ಹೆದರಿ ಓಡಿದಾವಲ್ಲ. ತಪ್ಪ ನಂದು. ಇಪ್ಪತ್ತ ವರ್ಷ ಕರೆಂಟಿನ ಮ್ಯಾಲ ಹಾಕಿದೆ, ಅಂದ್ರ ಅವನ ಮ್ಯಾಲ ಹಾಕಿದೆ. ಇಷ್ಟ ಹೇಳಾಕ ಹದಿಮೂರ ವಾರ ಬೇಕಾತ್ರಿ.”

ಲೀಡರ್ ಕೊಕ್ಕಿನ ಬಣ್ಣ ಮುಗಿಸಿದ. ಕುಂಚ ತೊಳೆದ. ಅಂಗಿ ತೊಟ್ಟು ಹೊರಗೆ ಬಂದವನು ನನ್ನನ್ನೂ ನನ್ನ ಪುಸ್ತಕವನ್ನೂ ನೋಡಿದ.

“ಅವನ ಅಣ್ಣನ ಮಗಳ ಹೌದಲ್ಲ? ಎಷ್ಟಕ್ಕ ಹೊರಗ ಬರ್ತಾನ ಅಂವಾ?”

“ನಾಲ್ಕೂವರಿಗ್ರಿ.”

“ಗಾಡಿ ತಗಿ ತಂಗಿ.”

ಅವನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯ ಕಲ್ಲುಗಳನ್ನು ಎಣಿಸಲಿಲ್ಲ. ಕಾಲೇಜಿನ ಗೇಟಿನ ಹತ್ತಿರ ಕಾಕಾ ಒಬ್ಬನೇ ನಿಂತಿದ್ದ. ನಮ್ಮನ್ನು ಕಂಡು ಅವನ ಕೈ ಸುಮ್ಮನೆ ಅಂಗಿಯ ಗುಂಡಿಗಳನ್ನು ಮುಟ್ಟಿ ಮುಟ್ಟಿ ನೋಡತೊಡಗಿತು. ಲೀಡರ್ ಇಳಿದು, ಹತ್ತಿರ ಹೋಗಿ, ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಕುಷ್ಟಗಿಯ ಹೆಸರೆತ್ತಲಿಲ್ಲ.

“ವಾರದಿಂದ ವಾರಕ್ಕ ನಿನ್ನ ಧ್ವನಿ ಸಣ್ಣಗಾಗಾಕ್ಹತ್ತೇತಿ. ಹೊತ್ತಹೊತ್ತಿಗಿ ಉಣ್ಣಾಕ ಏನ್ ಧಾಡಿ ಆಗೇತಲೇ ನಿನಗ?”