ಮಾವನ ಟ್ರಸ್ಟ್ ಪತ್ರದ ಕೊನೆಯ ಸಾಲು

ನನ್ನ ಸೋದರಮಾವನಷ್ಟು ಗಟ್ಟಿ ನಂಬಿಕೆ ಇದ್ದವರು ಇಡೀ ಶಿವಮೊಗ್ಗದಲ್ಲಿ ಇನ್ನೊಬ್ಬರಿರಲಿಲ್ಲ. ಲೋಕದಲ್ಲಿ ಎಲ್ಲರೂ ಕಳ್ಳರೆಂದು ಅವರು ನಂಬಿದ್ದರು! ಹಾಲಿನವಳು ಹಸುವನ್ನು ಬಾಗಿಲಿಗೇ ತಂದು, ಚೊಂಬನ್ನು ಬೋರಲು ಮಾಡಿ ತೋರಿಸಿ, ಕಣ್ಣೆದುರೇ ಕರೆಯಬೇಕು. ಅಷ್ಟು ಎಲ್ಲರ ಮನೆಯಲ್ಲೂ ಇದ್ದ ಪದ್ಧತಿಯೇ. ಮಾವ ಮಾತ್ರ, ಹಸು ಬರುವ ಮುಂಚೆ ಎಷ್ಟು ನೀರು ಕುಡಿಯಿತು ಎಂದೂ ವಿಚಾರಿಸುತ್ತಿದ್ದರು. ಭದ್ರಾವತಿಯ ಬಸ್ಸು ಹತ್ತುವಾಗ ಕಂಡಕ್ಟರನ್ನು ಕೇಳಿ, ಡ್ರೈವರನ್ನು ಕೇಳಿ, ಇಳಿದ ಮೇಲೆ ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ, ಇದು ಭದ್ರಾವತಿ ತಾನೇ ಎನ್ನುತ್ತಿದ್ದರು. ಎದುರಿಗೇ ಕಾರ್ಖಾನೆಯ ಚಿಮಣಿ ಹೊಗೆ ಬಿಡುತ್ತಿದ್ದರೂ!

ಇಂಥವರು ಒಂದು ಟ್ರಸ್ಟ್ ಮಾಡಿದರು ಎಂದರೆ ನೀವು ನಂಬುತ್ತೀರಾ?

ನನ್ನ ಅಪ್ಪ ತೀರಿಕೊಂಡ ಮೇಲೆ ಮಾವ ಭದ್ರಾವತಿಯ ತಮ್ಮ ಮನೆಯನ್ನೂ ಪಕ್ಕದ ಖಾಲಿ ಸೈಟನ್ನೂ ತಂಗಿಗಾಗಿ, ಅಂದರೆ ನನ್ನ ಅಮ್ಮನಿಗಾಗಿ, ಟ್ರಸ್ಟ್ ಮಾಡಿ ಬರೆದರು. ಹಿಂದಿನ ಭಾಗದಲ್ಲಿ ನಾವಿರಬೇಕು, ಮುಂದಿನ ಭಾಗದ ಬಾಡಿಗೆಯಲ್ಲಿ ನಮ್ಮ ಸಂಸಾರ ನಡೆಯಬೇಕು. ನೋಡಿಕೊಳ್ಳಲು ವಕೀಲರೊಬ್ಬರನ್ನು ಟ್ರಸ್ಟಿ ಮಾಡಿದರು. ಮರುಕ್ಷಣವೇ ಆ ವಕೀಲರ ಮೇಲೂ ಅನುಮಾನ ಬಂದು, ತಮಗೆ ಬೇಕೆನಿಸಿದಾಗ ಎಲ್ಲವನ್ನೂ ವಾಪಸು ಪಡೆಯುವ ಹಕ್ಕು ತಮ್ಮದೇ ಎಂದು ಕೊನೆಗೊಂದು ಸಾಲು ಸೇರಿಸಿದರು.

ಆ ಸಾಲೇ ಕುತ್ತಿಗೆಗೆ ಬಂತು. ಇನ್ಕಂ ಟ್ಯಾಕ್ಸ್ ಆಫೀಸರು ನಮ್ಮ ಬಾಡಿಗೆಯನ್ನು ಮಾವನ ಆದಾಯಕ್ಕೇ ಸೇರಿಸಿದರು. ಆ ದುಡ್ಡನ್ನು ತಾವು ಮೂಸಿಯೂ ನೋಡಿಲ್ಲ ಎಂದು ಮಾವ ವಾದಿಸಿದರು. ಬೇಕೆಂದಾಗ ವಾಪಸು ಪಡೆಯಬಹುದಾದರೆ ಅದರ ಆದಾಯ ಕೊಟ್ಟವರದೇ, ನಾಳೆ ಸೈಟು ಮಾರಿ ಲಾಭ ಬಂದರೆ ಅದೂ ನಿಮ್ಮ ಲೆಕ್ಕಕ್ಕೇ ಎಂದು ಆಫೀಸರು ತಣ್ಣಗೆ ಹೇಳಿದರು. ಆ ಸಾಲು ತೆಗೆದರೆ ಎಲ್ಲವೂ ತಂಗಿಯ ಆದಾಯವಾಗುತ್ತದೆ, ಅಷ್ಟು ಸಣ್ಣ ಬಾಡಿಗೆಗೆ ತೆರಿಗೆಯೇ ಬೀಳುವುದಿಲ್ಲ ಎಂದೂ ತಿಳಿಸಿದರು. ಸರ್ಕಾರದವರು ತೆರಿಗೆ ಬೇಡ ಎನ್ನುವುದುಂಟೇ? ಇದರಲ್ಲೇನೋ ಸಂಚಿದೆ ಎಂದು ಮಾವ ತೆರಿಗೆ ಕಟ್ಟಿಯೇ ಬಂದರು! ವರ್ಷ ವರ್ಷವೂ ಕಟ್ಟಿದರು.

ಅರವತ್ತರ ದಶಕದಲ್ಲಿ ನಾನು ಮೈಸೂರಿಗೆ ಕಾಲೇಜು ಓದಲು ಹೋಗುವ ವರ್ಷ ಬಂತು. ಫೀಸಿಗೂ ಹಾಸ್ಟೆಲಿಗೂ ಸೈಟು ಮಾರದೆ ಬೇರೆ ದಾರಿ ಇರಲಿಲ್ಲ. ಕೊಳ್ಳಲು ಒಪ್ಪಿದ್ದ ಕಾರ್ಖಾನೆಯ ಫೋರ್‌ಮನ್ ಒಬ್ಬರು, ಟ್ರಸ್ಟ್ ಪತ್ರ ಓದಿಸಿಕೊಂಡವರೇ ಹಿಂದೆ ಸರಿದರು. ನಾಳೆ ಈ ಅಣ್ಣ ಬಂದು ಸೈಟು ವಾಪಸು ಕೊಡು ಎಂದರೆ ನನ್ನ ಗತಿಯೇನು ಎಂದರಂತೆ. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರು ಮಾವನ ಮೇಲೆ ಅನುಮಾನಪಟ್ಟಿದ್ದರು! ಮಾವನಿಗೆ ಊಟ ಸೇರಲಿಲ್ಲ. ಆದರೂ ಸಾಲು ತೆಗೆಸಲು ಒಪ್ಪಲಿಲ್ಲ.

ಕೊನೆಗೆ ಅಮ್ಮ ನನ್ನನ್ನು ಕರೆದುಕೊಂಡು ಶಿವಮೊಗ್ಗದ ವಕೀಲರ ಆಫೀಸಿಗೆ ಬಂದಳು. ಮಾವನನ್ನೂ ಅಲ್ಲಿಗೇ ಕರೆಸಿದಳು.

"ಅಣ್ಣ, ನನ್ನ ಮೇಲೂ ಅನುಮಾನವಾ?"

"ನಿನ್ನ ಮೇಲಲ್ಲ ಮಾರಾಯ್ತಿ. ಕಂಡೋರೆಲ್ಲ ಬಂದು ನಿನ್ನ ಹತ್ರ ಬರೆಸ್ಕೊಂಡು ಹೋಗ್ತಾರೆ ಅಂತ."

"ನೀನು ಬಾಯಿ ಬಿಟ್ಟು ಕೇಳಿದ್ರೆ ಇವತ್ತೇ ಕೊಟ್ಟುಬಿಡ್ತೀನಿ. ಅದಕ್ಕೆ ಕಾಗದ ಯಾಕೆ ಬೇಕಿತ್ತು?"

ಮಾವ ವಕೀಲರ ಕಡೆ ತಿರುಗಿದರು. ಹಕ್ಕು ಬಿಟ್ಟುಕೊಡುವ ಪತ್ರ ಬರೆಯಲು ಹೇಳಿದರು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಸಹಿ ಹಾಕಿದರು. ಇನ್ನು ಆ ಮನೆಯಲ್ಲಿ ನಿಮಗೆ ಯಾವ ಹಕ್ಕೂ ಇಲ್ಲ ಎಂದು ವಕೀಲರು ನೆನಪಿಸಿದರು. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ, ಮುಖ ಇಳಿದುಹೋಯಿತು. ಆಫೀಸಿನ ಮೆಟ್ಟಿಲ ಮೇಲೆ ನಿಂತು, ಅಮ್ಮನ ಮುಖ ನೋಡದೆ ಕೇಳಿದರು:

"ಇನ್ಮೇಲೆ ನಾನು ಬಂದ್ರೆ ಬಾಗಿಲು ತೆಗೀತೀಯಲ್ಲ?"

ಈ ಭಯವೊಂದಕ್ಕೇ ಮನುಷ್ಯ ಇಷ್ಟು ವರ್ಷ ತೆರಿಗೆ ಕಟ್ಟಿದರಲ್ಲ! ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಣ್ಣನ ಕೈ ಹಿಡಿದಳು.

"ತೆಗೆಯೋದು ಯಾಕಣ್ಣ? ನೀನು ಒಳಗೇ ಇರು, ಬಾ."