ಸಕ್ಕರೆ ಹಾಕದ ಬರ್ಫಿಯೂ ನನ್ನ ಎಂಟನೇ ಕೆಲಸವೂ

ಏಳನೇ ಇಯತ್ತೆಯ ನಡುವೆಯೇ ಶಾಲೆ ಬಿಟ್ಟು ಊರೂರು ತಿರುಗಿದವನು ನಾನು. ಬೆಚ್ಚಿಬೀಳುವಂಥದ್ದು ದಾರಿಯಲ್ಲಿ ಎದುರಾಗುತ್ತಲೇ ಇರುತ್ತದೆ. ಆದರೆ ೨೦೦೩ರ ಸುಮಾರಿಗೆ ಗುಜರಾತಿನಲ್ಲಿ ಡಯಾಬಿಟಿಸ್‌ನವರ ತಿಂಡಿ ಮಾರುವಾಗ ಬಾಯಿ ತೆರೆದು ನಿಂತಷ್ಟು ಮತ್ತೆಲ್ಲೂ ನಿಂತಿಲ್ಲ.

ಕೆಲಸ ಕೊಡಿಸಿದ್ದು ವಡೋದರೆಯ ಬ್ಯಾಂಕಿನಲ್ಲಿದ್ದ ಭಾವ. ಸೇಠ್‌ಜೀ ಒಬ್ಬರು ಸಕ್ಕರೆ ಹಾಕದ ಬರ್ಫಿ, ಮೆಂತ್ಯ-ಜವೆಗೋಧಿಯ ಹಿಟ್ಟು ಮಾಡಿಸುತ್ತಿದ್ದರು. ಕೊಳ್ಳುವವರು ತಿಂಗಳು ತಿಂಗಳಿಗೆ ಹೆಚ್ಚುತ್ತಿದ್ದರು. ಹೊರಟ ದಿನ ಅಕ್ಕ ಬಾಗಿಲಲ್ಲೇ ಹೇಳಿದಳು: "ಏಳು ಕೆಲಸಾ ಬಿಟ್ಟಿ. ಇದನ್ನೂ ಕಳಕೊಂಡಿ ಅಂದ್ರ ನಮ್ಮ ಹೊಸ್ತಲಾ ತುಳೀಬ್ಯಾಡ. ಇವರ ಮಾನಾ ಐತಿ ಇದರಾಗ."

೧. ಜಲೇಬಿಗೆ ಎರಡು

ಅಹಮದಾಬಾದಿನ ವಸ್ತ್ರಾಪುರದಲ್ಲಿ ಒಬ್ಬ ಬೇನ್, ಅಂದರೆ ಅಕ್ಕನವರು, ಗಂಡನಿಗೆಂದು ಒಂದು ಕಿಲೋ ಬರ್ಫಿ ಕೊಂಡರು. ಎಂಟು ದಿನಕ್ಕೆ ಹೋದರೆ ಖಾಲಿ ಡಬ್ಬಿ ನನ್ನ ಎದೆಗೇ ಒತ್ತಿದರು.

"ನಿನ್ನ ಮಾಲು ಸುಳ್ಳು! ಅವರ ಸಕ್ಕರೆ ಏರಿದೆ."

"ಹೇಗೆ ತಿಂದರು, ಬೇನ್?"

"ಸರಿಯಾಗೇ ತಿಂದರು. ನಾಲ್ಕು ಜಲೇಬಿ ತಿಂದ ಕೂಡಲೇ ಎರಡು ಬರ್ಫಿ. ಒಂದು ದಿನವೂ ತಪ್ಪಿಸಲಿಲ್ಲ."

ನಾನು ಕೂಗಿಬಿಟ್ಟೆ: "ಅಯ್ಯೋ, ಇದು ಔಷಧಿ ಅಲ್ಲ! ಜಲೇಬಿ ತಿನ್ನಲೇಬಾರದು!"

ಬೇನ್ ನನಗಿಂತ ಹೆಚ್ಚು ಬೆಚ್ಚಿದರು. "ಜಲೇಬಿ ತಿನ್ನದಿದ್ದರೆ ಈ ಬರ್ಫಿ ಯಾಕಪ್ಪಾ ಬೇಕು?"

ದೂರು ಸೇಠ್‌ಜೀ ಕಿವಿಗೆ ಹೋಯಿತು. ಮೊದಲ ಎಚ್ಚರಿಕೆ ಬಂತು.

೨. ಪಕ್ಕದ ಮನೆಯವರಿಗೆ

ಅದೇ ಅಹಮದಾಬಾದಿನ ನರೋಡಾದಲ್ಲಿ ಒಂದು ಮದುವೆ. ಊಟದ ಸಾಲಿನ ಕೊನೆಗೆ ನನ್ನದೊಂದು ಮೇಜು, ಮೇಲೆ 'ಡಯಾಬಿಟಿಸ್‌ನವರಿಗೆ' ಎಂದು ಇಷ್ಟು ದೊಡ್ಡ ಫಲಕ. ಒಂದು ಗಂಟೆಯಾದರೂ ನರಪಿಳ್ಳೆ ಇಲ್ಲ. ಬೀಗರೆದುರು ಯಾರು ಬಂದು ನಿಲ್ಲುತ್ತಾರೆ? ಕೊನೆಗೆ ಒಬ್ಬ ಹಿರಿಯರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಬಂದರು. "ನನಗಲ್ಲ, ಪಕ್ಕದ ಮನೆಯವರಿಗೆ. ನಾಲ್ಕು ಕಟ್ಟಿಕೊಡು." ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಎಲ್ಲರಿಗೂ ಪಕ್ಕದ ಮನೆಯವರದ್ದೇ ಚಿಂತೆ. ಅರ್ಧ ಗಂಟೆಯಲ್ಲಿ ತಟ್ಟೆ ಬರಿದಾಯಿತು. ಆ ಪಕ್ಕದ ಮನೆಯವರೆಲ್ಲ ಅದೇ ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿದ್ದರು!

ಮರುದಿನ ಹುಡುಗಿಯ ತಂದೆ ಸೇಠ್‌ಜೀಗೆ ಫೋನು ಮಾಡಿ, "ನಿಮ್ಮವನು ಫಲಕ ಹಾಕಿ ನಮ್ಮ ಬಳಗದ ರೋಗ ಬೀಗರಿಗೆಲ್ಲ ತೋರಿಸಿದ" ಎಂದು ಕೂಗಾಡಿದರಂತೆ. ಸೇಠ್‌ಜೀ ನನಗೆ ಒಂದೇ ಮಾತು ಹೇಳಿದರು: "ಇನ್ನೊಂದು ದೂರು ಬಂದರೆ ಡಬ್ಬಿ ಇಲ್ಲಿಟ್ಟು ಹೊರಡು."

೩. ಹಿಟ್ಟಿನ ಮಹಿಮೆ

ವಡೋದರೆಯ ಹತ್ತಿರ, ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನಲ್ಲಿ ನಮ್ಮ ಕಡೆಯ ಅಮ್ಮನವರೊಬ್ಬರು ಐದು ಕಿಲೋ ಹಿಟ್ಟು ಕೊಂಡಿದ್ದರು. ದೂರು ಕಾದಿದೆಯೆಂದು ಹೆದರುತ್ತಲೇ ಗಂಟೆ ಒತ್ತಿದೆ.

"ಬಾರಪ್ಪ ಬಾ! ಇವರ ಸಕ್ಕರೆ ಇಳಿದುಹೋಗಿದೆ. ನನ್ನದೂ ಇಳಿದಿದೆ. ಇನ್ನು ಹತ್ತು ಕಿಲೋ ಕೊಡು."

ಒಂದೇ ತಿಂಗಳಲ್ಲಿ ಇಷ್ಟೆಲ್ಲ ಹೇಗೆಂದು ದಂಗಾಗಿ ನಿಂತೆ. ಅವರ ಬೆನ್ನ ಹಿಂದೆ ನಿಂತಿದ್ದ ಗಂಡ, ರಾಯರು, ನನಗೆ ಎರಡೂ ಕೈ ಮುಗಿದು, ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದರು. ಮೆಟ್ಟಿಲವರೆಗೆ ಬಂದು ಪಿಸುಗುಟ್ಟಿದರು: "ಆ ರೊಟ್ಟಿ ಗಂಟಲಲ್ಲಿ ಇಳಿಯೋದಿಲ್ಲ ಕಣಪ್ಪ. ತಿಂಗಳಿಂದ ಮನೆಮಂದಿಯೆಲ್ಲ ಅರೆಹೊಟ್ಟೆ. ಸಕ್ಕರೆ ಇಳಿಯದೆ ಇನ್ನೇನು ಮಾಡುತ್ತೆ?"

೪. ಸೂರತ್ತಿನ ಬೆರಳು

ಸೂರತ್ತಿನ ಒಂದು ಉದ್ಯಾನದ ಬಾಗಿಲಲ್ಲಿ, ಬೆಳಗಿನ ವಾಕಿಂಗ್‌ನವರಿಗಾಗಿ ಸೇಠ್‌ಜೀ ಶಿಬಿರ ಇಟ್ಟರು. ರಕ್ತ ನೋಡಲು ಲ್ಯಾಬಿನವನೊಬ್ಬ, ಮಾರಲು ನಾನು, ನನ್ನನ್ನು ಕಾಯಲು ಸೇಠ್‌ಜೀ. ಎರಡು ಗಂಟೆಯಾದರೂ ಒಂದು ಡಬ್ಬಿಯೂ ಹೋಗಲಿಲ್ಲ. ಸೇಠ್‌ಜೀ ಮುಖ ಗಂಟಿಕ್ಕಿತ್ತು. ಅಕ್ಕನ ಹೊಸ್ತಿಲು ಕಣ್ಣ ಮುಂದೆ ಬಂತು.

ಬೋಳುತಲೆಯ ಕಾಕಾ ಒಬ್ಬರು ಗುಂಪಿನಿಂದ ಸವಾಲು ಹಾಕಿದರು: "ಅಷ್ಟು ಒಳ್ಳೇದಾದರೆ ನೀನೇ ತಿಂದು ತೋರಿಸಯ್ಯ!"

"ತಿಂತೀನಿ! ಬೆಳಿಗ್ಗೆ ಚಹಾ ಕೂಡ ಕುಡಿದಿಲ್ಲ. ಮೊದಲು ನನ್ನ ರಕ್ತ ನೋಡಿ. ಆಮೇಲೆ ಬರ್ಫಿ ತಿಂದು ಮತ್ತೆ ಬೆರಳು ಕೊಡ್ತೀನಿ. ಏರಿದರೆ ಇಡೀ ಸೂರತ್ ನನ್ನನ್ನು ಬೈಯಲಿ!"

ಜನ ಸುತ್ತುಗಟ್ಟಿತು. ಲ್ಯಾಬಿನವನು ಬೆರಳು ಚುಚ್ಚಿದ. ಯಂತ್ರ ನೋಡಿದ. ಯಂತ್ರವನ್ನು ಅಂಗೈಗೆ ಬಡಿದ. ಇನ್ನೊಂದು ಬೆರಳು ಚುಚ್ಚಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಹೇಳಿದ:

"ಮುನ್ನೂರ ಹತ್ತು."

ನನ್ನ ಕೈಯಲ್ಲಿದ್ದ ಬರ್ಫಿಗೆ ಇನ್ನೂ ಹಲ್ಲು ತಾಗಿರಲಿಲ್ಲ. ಖಾಲಿ ಹೊಟ್ಟೆಗೆ ನೂರರ ಆಸುಪಾಸು ಇರಬೇಕಾದ ಸಕ್ಕರೆ ಅದು. ರೋಗವೂ ಬಂತು, ಕೆಲಸವೂ ಹೋಯಿತು ಅಂದುಕೊಂಡೆ.

ಕಾಕಾ ನನ್ನನ್ನು ಬಾಚಿ ತಬ್ಬಿಕೊಂಡರು. "ಅರೆ, ಇವನು ನಮ್ಮವನೇ! ರೋಗ ಇದ್ದವನು ರೋಗಿಗೆ ಮೋಸ ಮಾಡ್ತಾನಾ? ನನಗೆ ನಾಲ್ಕು ಡಬ್ಬಿ ಕೊಡು!"

ಹತ್ತು ನಿಮಿಷದಲ್ಲಿ ಮೇಜು ಖಾಲಿ. ನಾನು ಬೆಂಚಿನ ಮೇಲೆ ಬೆವರುತ್ತಾ ಕೂತಿದ್ದೆ. ಸೇಠ್‌ಜೀ ಮೊದಲ ಸಲ ಹೆಗಲ ಮೇಲೆ ಕೈ ಇಟ್ಟರು.

"ಭಾಯ್, ಇವತ್ತಿನಿಂದ ನಿನ್ನ ಕೆಲಸ ಪಕ್ಕಾ. ಮುಂದಿನ ವಾರ ವಡೋದರಾ, ಆಮೇಲೆ ಅಹಮದಾಬಾದ್. ಎಲ್ಲ ಕಡೆ ಹೀಗೇ ಬೆರಳು ಕೊಡು. ಅಲ್ಲಿಯವರೆಗೆ ನನಗೊಂದು ಮಾತು ಕೊಡು."

"ಏನು, ಸೇಠ್‌ಜೀ?"

"ಡಾಕ್ಟರ ಹತ್ತಿರ ಮಾತ್ರ ಹೋಗಬೇಡ!"