ಸೆಲ್ಫ್ ಹೋಗಿದೆ

ಊಟಿಯಲ್ಲಿ ಹುಟ್ಟಿ ಬೆಳೆದವರಿಗೆ ಸಮತಟ್ಟಾದ ನೆಲದ ಮೇಲೆ ಅಷ್ಟಾಗಿ ನಂಬಿಕೆ ಇರುವುದಿಲ್ಲ. ನಮ್ಮಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು. ಸುಮ್ಮನೆ ನಡೆಯುವುದು ಎಂಬುದೊಂದು ಇದೆ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಹೆಂಡತಿಯ ಊರಾದ ಮಸಿನಗುಡಿಗೆ ಬಂದು ನೆಲೆಸಿದ ಮೇಲೆ. ಗಾಡಿಗಳ ವಿಷಯವೂ ಅಷ್ಟೇ. ನಾವು ಬೈಕ್ ನಿಲ್ಲಿಸುವಾಗ ಮೂತಿ ಕೆಳಗೆ ಮಾಡಿ, ಗೇರಿನಲ್ಲಿಟ್ಟು ನಿಲ್ಲಿಸುತ್ತೇವೆ. ಹೊರಡುವಾಗ ಕ್ಲಚ್ ಹಿಡಿದು, ಕಾಲೆತ್ತಿ, ನಾಲ್ಕು ಮಾರು ಉರುಳಲು ಬಿಟ್ಟು, ಆಮೇಲೆ ಕ್ಲಚ್ ಸಡಿಲಿಸಿದರೆ ಎಂಜಿನ್ ತಾನಾಗಿ ಎದ್ದು ಗುರುಗುಟ್ಟುತ್ತದೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಹೀಗಾಗಿ ನನ್ನ ಹಳೆಯ ಬೈಕಿನ ಬಲಗೈ ಹಿಡಿಯ ಪಕ್ಕದಲ್ಲಿ ಸ್ಟಾರ್ಟ್ ಮಾಡುವುದಕ್ಕೆಂದೇ ಸೆಲ್ಫ್ ಎಂಬ ಒಂದು ಗುಂಡಿ ಇದೆ ಎಂಬುದನ್ನು ನಾನು ಎಷ್ಟೋ ವರ್ಷ ಮರೆತೇ ಬಿಟ್ಟಿದ್ದೆ. ಮಸಿನಗುಡಿಗೆ ಬಂದ ಮೇಲೂ ನಮ್ಮ ಬೀದಿಯ ತುದಿಯ ಮೋರಿಯ ಮೇಲೆ ಒಂದು ಸಣ್ಣ ಇಳಿಜಾರನ್ನು ಹುಡುಕಿಕೊಂಡು, ಬೈಕನ್ನು ಅಲ್ಲೇ ನಿಲ್ಲಿಸುತ್ತಿದ್ದೆ. ಕಿಕ್ಕರ್ ಇತ್ತು, ಆದರೆ ಅದರ ಹಲ್ಲು ಸವೆದು ಹತ್ತು ಸಲ ತುಳಿದರೆ ಒಂದು ಸಲ ಕಚ್ಚುತ್ತಿತ್ತು. ಅದೂ ಅದರ ಮನಸ್ಸು ಸರಿಯಿದ್ದರೆ.

ನನ್ನ ಹೆಂಡತಿ ಸರೋಜ ತೆಪ್ಪಕಾಡಿನಲ್ಲಿ ಟೀಚರ್. ಆನೆ ಮಾವುತರ ಮಕ್ಕಳು, ಕಾಡಿನ ಹಾಡಿಗಳ ಮಕ್ಕಳು ಅವಳ ಕ್ಲಾಸಿನಲ್ಲಿದ್ದಾರೆ. ನಾನು ಮಸಿನಗುಡಿಯ ಒಂದು ಲಾಡ್ಜಿನಲ್ಲಿ ಮ್ಯಾನೇಜರ್, ಅಂದರೆ ಬಿಸಿನೀರು ಬರುತ್ತಿಲ್ಲ ಎಂದು ಪ್ರವಾಸಿಗರು ಬೈಯುವುದಕ್ಕೆ ಇಟ್ಟುಕೊಂಡಿರುವ ಮನುಷ್ಯ. ದಿನವಿಡೀ ಬೈಸಿಕೊಳ್ಳುವವನಿಗೆ ಯಾರಾದರೂ ತನ್ನ ಮಾತನ್ನೂ ಕೇಳಲಿ ಎಂದು ಆಸೆಯಾಗುವುದು ಸಹಜ. ಬೆಳಿಗ್ಗೆ ಸರೋಜಳನ್ನು ಹಿಂದೆ ಕೂರಿಸಿಕೊಂಡು ಕಾಡಿನ ದಾರಿಯಲ್ಲಿ ತೆಪ್ಪಕಾಡಿಗೆ ಬಿಟ್ಟು ಬರುವ ಹೊತ್ತು ನನ್ನ ಪಾಲಿಗೆ ಅಂಥದ್ದು. ಮನೆಯಲ್ಲಿ ನಾನು ಬಾಯಿ ತೆರೆದರೆ ಅವಳಿಗೆ ಕುಕ್ಕರ್ ಕೂಗುತ್ತದೆ, ಫೋನ್ ಬರುತ್ತದೆ, ಅವಳಮ್ಮ ಕರೆಯುತ್ತಾರೆ. ಬೈಕಿನ ಮೇಲೆ ಅವಳು ಎಲ್ಲಿಗೂ ಎದ್ದು ಹೋಗುವ ಹಾಗಿಲ್ಲ. ಲಾಡ್ಜಿನ ರಾಜಕೀಯ, ದೇಶದ ರಾಜಕೀಯ, ನನ್ನ ಬೆನ್ನುನೋವು, ಎಲ್ಲವನ್ನೂ ನಾನು ಸಾಂಗವಾಗಿ ಹೇಳುತ್ತಿದ್ದದ್ದು ಆ ದಾರಿಯಲ್ಲೇ. ಒಂದು ದಿನವೂ ಅವಳು ನಡುವೆ ಬಾಯಿ ಹಾಕಿದವಳಲ್ಲ. ಇಂಥ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಇದಕ್ಕೆ ಕಲ್ಲು ಬಿದ್ದದ್ದು ಒಂದು ಆನೆಯಿಂದ. ಆನೆ ಪಾಪ ಏನೂ ಮಾಡಲಿಲ್ಲ, ತನ್ನ ಪಾಡಿಗೆ ರಸ್ತೆ ದಾಟಲು ಬಂತು. ನಾನು ಮರ್ಯಾದೆಯಿಂದ ದೂರದಲ್ಲೇ ಬೈಕ್ ನಿಲ್ಲಿಸಿದೆ, ಗಾಬರಿಗೆ ಎಂಜಿನ್ನೂ ನಿಂತಿತು. ಅರ್ಧ ದಾಟಿದ ಆನೆಗೆ ಏನನ್ನಿಸಿತೋ, ಅಲ್ಲೇ ನಿಂತು ನಮ್ಮ ಕಡೆ ತಿರುಗಿತು. ಗುಂಡಿ ಒತ್ತಿದೆ, ಟಿಕ್ ಎಂದು ಸುಮ್ಮನಾಯಿತು. ಕಿಕ್ಕರ್ ತುಳಿದೆ, ಜಾರಿತು. ಇಳಿಜಾರಿಗಾಗಿ ಕಣ್ಣಾಡಿಸಿದರೆ ಆ ರಸ್ತೆ ತಟ್ಟೆಯ ಹಾಗಿತ್ತು. ಕೊನೆಗೆ ಇಬ್ಬರೂ ಇಳಿದು, ಬೈಕನ್ನು ಸದ್ದಿಲ್ಲದೆ ಹಿಂದಕ್ಕೆ ತಿರುಗಿಸಿ, ಬಂದ ದಾರಿಯಲ್ಲೇ ತಳ್ಳಿಕೊಂಡು ಓಡಿದೆವು. ಟಿಫಿನ್ ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು ಸರೋಜ ತಳ್ಳುತ್ತಿದ್ದಳು, ಆನೆ ನಿಂತು ನೋಡುತ್ತಿತ್ತು. ಎಂಜಿನ್ ಎದ್ದಾಗ ನಾನು ಏನೋ ಒಂದು ತಮಾಷೆಯ ಮಾತು ಆಡಿದೆ. ಅವಳು ನಗಲಿಲ್ಲ.

"ಸೆಲ್ಫ್ ರಿಪೇರಿ ಆಗಗಂಟ ನಾ ಈ ಬೈಕ್ ಹತ್ತದಿಲ್ಲ ನೋಡಿ," ಎಂದಳು ಆ ಸಂಜೆ. "ನಾಳಿಂದ ಜೀಪ್ನಲ್ಲಿ ಹೋಯ್ತೀನಿ. ಆನ ಮುಂದ ಬೈಕ್ ತಳ್ಳಕ ನನ್ನ ಅಪ್ಪ ಓದ್ಸಿದ್ನಾ?"

ಮಾರನೆಯ ದಿನದಿಂದ ಬಾಡಿಗೆ ಜೀಪು ಮನೆ ಮುಂದೆ ಬಂದು ಹಾರನ್ ಹೊಡೆಯತೊಡಗಿತು. ಜೀಪಿನ ತುಂಬ ಹೆಂಗಸರು, ಎಲ್ಲರೂ ಒಟ್ಟಿಗೆ ಮಾತಾಡುವವರು. ನನ್ನ ಬೆಳಗಿನ ಮಾತೆಲ್ಲ ನನ್ನ ಹೊಟ್ಟೆಯಲ್ಲೇ ಉಳಿದು, ಲಾಡ್ಜಿನ ಅಡುಗೆಭಟ್ಟನ ಮುಂದೆ ಸ್ವಲ್ಪ ಹೊರಗೆ ಬಂತು. ಅವನು ಈರುಳ್ಳಿ ತರುವ ನೆಪದಲ್ಲಿ ಎದ್ದು ಹೋದ. ಆಗ ನನಗೆ ಸೆಲ್ಫ್ ಎಷ್ಟು ಮುಖ್ಯ ಎಂದು ಅರಿವಾಗಿ ಗೂಡಲೂರಿಗೆ ಹೋದೆ.

ಅಲ್ಲಿ ಬಿಡಿಭಾಗದ ಅಂಗಡಿಯ ಮಲಯಾಳಿ ಕಾಕಾ ಬೈಕಿನ ಗುಂಡಿ ಒತ್ತಿ, ತಲೆ ವಾರೆ ಮಾಡಿ ಕೇಳಿ, "ಸಾರಿಂಡೆ ಸೆಲ್ಫ್ ಪೋಯಿ," ಎಂದರು. ನಿಮ್ಮ ಸೆಲ್ಫ್ ಹೋಗಿದೆ ಎಂದು ಅಂಗಡಿಯಲ್ಲಿದ್ದ ಎಲ್ಲರೂ ಕೇಳುವಂತೆ ಹೇಳಿದರೆ ಯಾರಿಗಾದರೂ ಒಂದು ಥರ ಆಗುತ್ತದೆ. ದೊಡ್ಡ ದೊಡ್ಡ ಸ್ವಾಮಿಗಳು ಅದನ್ನು ಕಳೆದುಕೊಳ್ಳಲು ಗುಹೆಯಲ್ಲಿ ಕೂರುತ್ತಾರೆ. ನನಗೆ ಅದು ಹೋದದ್ದೇ ಗೊತ್ತಾಗಿರಲಿಲ್ಲ. ಈ ಮಾಡೆಲ್ಲಿಗೆ ಹೊಸ ಸೆಲ್ಫ್ ಮೋಟಾರು ಸಿಗುವುದಿಲ್ಲ, ಹಳೆಯದನ್ನೇ ಬಿಚ್ಚಿ ಬ್ರಷ್ ಹಾಕಿ ಕೂರಿಸಿಕೊಳ್ಳಿ ಎಂದು ಅವರು ಒಂದು ಪುಟ್ಟ ಪೊಟ್ಟಣ ಕೊಟ್ಟರು. ಬ್ರಷ್ ಎಂದರೆ ಕೂದಲಿರುತ್ತದೆ ಎಂದುಕೊಂಡಿದ್ದ ನಾನು ಬಿಡಿಸಿ ನೋಡಿದರೆ, ಪೆನ್ಸಿಲ್ ಸೀಸದಂಥ ಕಪ್ಪು ತುಂಡುಗಳು, ಪ್ರತಿಯೊಂದಕ್ಕೂ ತಾಮ್ರದ ಒಂದು ಜಡೆ. ಬೇರೆ ಪೊಟ್ಟಣ ಕೊಟ್ಟಿರಬಹುದೇ ಎಂದು ಕೇಳಲು ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಕೇಳಲಿಲ್ಲ.

ಭಾನುವಾರ ಬೈಕ್ ಹತ್ತಿ ಊಟಿ ಪಕ್ಕದ ನಂಜನಾಡಿನ ಭೋಜಣ್ಣನ ಮನೆಗೆ ಹೋದೆ. ಭೋಜಣ್ಣ ನನ್ನ ಹಳೆಯ ಗೆಳೆಯ, ಕ್ಯಾರೆಟ್ ಬೆಳೆಯುವವನು. ಅವನ ಮನೆಯ ಮಾತು ಬಡಗ, ನನ್ನ ಮೇಲಿನ ವಿಶ್ವಾಸಕ್ಕೆ ಅದಕ್ಕೆ ಒಂದಿಷ್ಟು ಕನ್ನಡ ಬೆರೆಸುತ್ತಾನೆ. ಅವನ ಶೆಡ್ಡಿನಲ್ಲಿ ಸ್ಪ್ಯಾನರುಗಳಿವೆ ಎಂಬುದಷ್ಟೇ ಅವನನ್ನು ಆರಿಸಿಕೊಳ್ಳಲು ಕಾರಣ. ವಿಷಯ ಕೇಳಿದವನೇ, "ಸ್ಲೋಪು ಇರುವಾಗ ಸೆಲ್ಫು ಏಕ?" ಎಂದ. ಮಸಿನಗುಡಿಯಲ್ಲಿ ಸ್ಲೋಪಿಲ್ಲ ಎಂದೆ. ಅವನು ನನ್ನ ಕಡೆ ಕನಿಕರದಿಂದ ನೋಡಿ, ಟೀ ತರಲು ಹೇಳಿದ.

ಎಂಜಿನ್ನಿನಿಂದ ಮೋಟಾರನ್ನು ಇಳಿಸಿದೆವು. ಅದು ಮುಷ್ಟಿ ಗಾತ್ರದ ಕೊಳವೆ. ಎರಡು ಕಡೆಗೂ ಮುಚ್ಚಳ, ನಡುವಿನ ಕವಚದ ಒಳಗೋಡೆಗೆ ಅಯಸ್ಕಾಂತ, ಒಳಗೆ ತಂತಿ ಸುತ್ತಿದ ಆರ್ಮೇಚರ್. ಬಿಚ್ಚುವ ಮುಂಚೆ, ಜೋಡಿಸುವಾಗ ಯಾವ ತುದಿ ಯಾವ ಕಡೆಗೆ ಎಂದು ತಿಳಿಯಲಿ ಅಂತ ಕವಚಕ್ಕೂ ಮುಚ್ಚಳಕ್ಕೂ ಸೇರಿಸಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಟೀಚರಮ್ಮನ ಗಂಡನ ಜೇಬಿನಲ್ಲಿ ಸೀಮೆಸುಣ್ಣ ಇದ್ದೇ ಇರುತ್ತದೆ. ನನ್ನ ಈ ಮುಂದಾಲೋಚನೆಗೆ ನಾನೇ ತಲೆದೂಗಿ, ಒಳಗೆ ಹೋಗಿ ಟೀ ಕುಡಿದೆ. ಹೊರಗೆ ಬಂದು ನೋಡಿದರೆ ಭೋಜಣ್ಣ ಎಲ್ಲ ಭಾಗಗಳನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ನಾರಿನಲ್ಲಿ ಉಜ್ಜಿ, ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದ್ದ. ಎಲ್ಲ ಥಳಥಳ ಹೊಳೆಯುತ್ತಿದ್ದವು. ಗೆರೆಯ ಗುರುತೂ ಇರಲಿಲ್ಲ.

"ಭೋಜಣ್ಣ, ಸುಣ್ಣದ ಗೆರೆ ಇತ್ತಲ್ಲ?"

"ಮಣ್ಣು ಇದ್ದಲೆ ಯಾರೂ ತಕ್ಕೊಂಬದಿಲ್ಲೆ," ಎಂದ. ಮಂಡಿಗೆ ಹೋಗುವ ಮೊದಲು ಏನನ್ನೇ ಆಗಲಿ ತೊಳೆದುಬಿಡುವುದು ತರಕಾರಿ ಬೆಳೆಯುವವರ ಕೈಗೆ ಹತ್ತಿದ ಅಭ್ಯಾಸ. ಅವನ ತೋಟದ ಕ್ಯಾರೆಟ್ಟಿಗೂ ನನ್ನ ಮೋಟಾರಿಗೂ ಅವನು ಭೇದ ಮಾಡಲಿಲ್ಲ ಎಂದು ಸಮಾಧಾನ ಮಾಡಿಕೊಂಡು, ಅಂದಾಜಿನ ಮೇಲೆ ಕವಚ ಕೂರಿಸಿದೆ. ಅದು ಎರಡು ಕಡೆಯಿಂದಲೂ ಸರಿಯಾಗಿಯೇ ಕೂರುತ್ತಿತ್ತು. ಬ್ರಷ್ಷುಗಳ ಸ್ಪ್ರಿಂಗ್ ಮಾತ್ರ ಚಂಗನೆ ಹಾರಿ ಎಲೆಕೋಸಿನ ಪಾತಿಗೆ ಬಿತ್ತು. ಇಬ್ಬರೂ ಮಂಡಿಯೂರಿ ಹುಡುಕುವಾಗ ಬಿಸಿಲು ಚೆನ್ನಾಗಿತ್ತು, ಎದುರಿನ ಗುಡ್ಡದಲ್ಲಿ ಯಾರೋ ಆಲೂಗೆಡ್ಡೆ ಅಗೆಯುತ್ತಿದ್ದರು, ನನಗೆ ಯಾವ ಆತುರವೂ ಇರಲಿಲ್ಲ. ನಿಜ ಹೇಳಬೇಕೆಂದರೆ ಈ ಇಡೀ ಪ್ರಕರಣದಲ್ಲಿ ನಾನು ತುಂಬ ಸುಖಪಟ್ಟದ್ದು ಆ ಎಲೆಕೋಸಿನ ಪಾತಿಯಲ್ಲಿ.

ಸ್ಪ್ರಿಂಗ್ ಸಿಕ್ಕಿದ ಮೇಲೆ ಮೋಟಾರನ್ನು ಬೈಕಿಗೆ ಕೂರಿಸಿ, ಭೋಜಣ್ಣನ ಅಂಗಳದಲ್ಲಿ ಹತ್ತಿ ಕುಳಿತು, ದೇವರನ್ನು ನೆನೆದು ಗುಂಡಿ ಒತ್ತಿದೆ. ಕಿರ್‍ರ್ ಎಂದು ಮೋಟಾರು ತಿರುಗಿತು, ಎಂಜಿನ್ ಎದ್ದಿತು. "ಬಂದತು, ಬಂದತು," ಎಂದು ಭೋಜಣ್ಣ ನನ್ನ ಬೆನ್ನು ತಟ್ಟಿದ, ಒಂದು ಚೀಲ ಕ್ಯಾರೆಟ್ ಕಟ್ಟಿಕೊಟ್ಟ. ಕಲ್ಲಟ್ಟಿ ಘಾಟಿಯ ತಿರುವುಗಳನ್ನು ಇಳಿಯುವಾಗ ನಾನು ಹೆಲ್ಮೆಟ್ಟಿನೊಳಗೆ ಹಾಡು ಗುನುಗುತ್ತಿದ್ದೆ.

ಸೋಮವಾರ ಬೆಳಿಗ್ಗೆ ಬೈಕಿಗೆ ಕುಂಕುಮ ಹಚ್ಚಿ, ಮನೆ ಮುಂದೆಯೇ ನಿಲ್ಲಿಸಿ, ಉದ್ಘಾಟನೆ ಮಾಡು ಎಂದು ಸರೋಜಳನ್ನು ಕರೆದೆ. ಅವಳು ಬೆರಳಿಟ್ಟು ಒತ್ತಿದಳು. ಮೋಟಾರು ಬಹಳ ಉತ್ಸಾಹದಿಂದ ಕಿರ್‍ರೆಂದಿತು, ಎಂಜಿನ್ ಮಾತ್ರ ತನಗೆ ಸಂಬಂಧವೇ ಇಲ್ಲ ಎಂಬಂತೆ ಕೂತಿತ್ತು. ಇನ್ನೊಮ್ಮೆ ಒತ್ತಿದಳು, ಮತ್ತೂ ಹಾಗೆಯೇ. ಅಷ್ಟರಲ್ಲಿ ಜೀಪು ಹಾರನ್ ಹೊಡೆಯಿತು.

"ಸದ್ದು ಚೆನ್ನಾಗದ," ಎಂದು ಹೇಳಿ ಅವಳು ಜೀಪು ಹತ್ತಿದಳು.

ನಾನು ಲಾಡ್ಜಿಗೆ ರಜೆ ಹೇಳಿ ಮೋಟಾರನ್ನು ಮತ್ತೆ ಇಳಿಸಿ, ಬ್ಯಾಟರಿಗೆ ತಂತಿ ಹಚ್ಚಿ, ಅದರ ಹಲ್ಲನ್ನೇ ದಿಟ್ಟಿಸಿದೆ. ತಿರುಗುತ್ತಿತ್ತು, ಆದರೆ ಹಿಂದಕ್ಕೆ. ಕವಚ ತಲೆಕೆಳಗಾಗಿ ಕೂತು, ಅಯಸ್ಕಾಂತದ ದಿಕ್ಕು ಅದಲುಬದಲಾಗಿದೆ. ಹಿಂದಕ್ಕೆ ತಿರುಗುವ ಮೋಟಾರು ಎಂಜಿನ್ನನ್ನು ಕಚ್ಚುವುದೇ ಇಲ್ಲ, ತನ್ನಷ್ಟಕ್ಕೆ ಸುತ್ತುತ್ತದೆ. ಹಾಗಿದ್ದರೆ ನಂಜನಾಡಿನಲ್ಲಿ ಎಂಜಿನ್ ಎದ್ದದ್ದು ಹೇಗೆ? ಭೋಜಣ್ಣನಿಗೆ ಫೋನ್ ಮಾಡಿ, ನಿನ್ನೆ ನಾನು ಗುಂಡಿ ಒತ್ತಿದಾಗ ಬೈಕ್ ಏನಾದರೂ ಉರುಳಿತ್ತೇ ಎಂದು ಕೇಳಿದೆ.

"ಉರುಳದೆ ಏನ?" ಎಂದ. "ನೀ ಕಾಲು ಎತ್ತಿದೆ, ಕ್ಲಚ್ಚು ಬಿಟ್ಟೆ."

ಅಂಗಳದಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದೆ, ಬೆರಳು ಗುಂಡಿ ಒತ್ತಿತ್ತು, ಉಳಿದ ಮೈ ತನ್ನ ಹಳೆಯ ಕೆಲಸ ಮಾಡಿತ್ತು. ಬೈಕ್ ನಾಲ್ಕು ಮಾರು ಇಳಿದದ್ದು ಅವನಿಗೂ ವಿಶೇಷ ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ. ಬಯಲುಸೀಮೆಯ ಯಾವ ದಡ್ಡನೂ ಮಾಡಲಾಗದ ತಪ್ಪು ಅದು.

ಕವಚ ತಿರುಗಿಸಿ ಕೂರಿಸಿದೆ. ಈ ಸಲ ಸಮತಟ್ಟು ನೆಲದಲ್ಲಿ, ನ್ಯೂಟ್ರಲ್ಲಿನಲ್ಲಿ, ಎರಡೂ ಕಾಲು ಊರಿಕೊಂಡು ಗುಂಡಿ ಒತ್ತಿದೆ. ಮುಟ್ಟಿದರೆ ಸಾಕು ಎಂಬಂತೆ ಎಂಜಿನ್ ಎದ್ದಿತು. ಸಂಜೆ ಸರೋಜ ಬಂದು ತಾನೇ ಒತ್ತಿ, ನಿಲ್ಲಿಸಿ, ಮತ್ತೆ ಒತ್ತಿ ನೋಡಿದಳು. ಅವಳ ಮುಖ ಅರಳಿದ್ದನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ಮರುದಿನ ಬೆಳಿಗ್ಗೆ ಜೀಪಿನವನಿಗೆ ಬರಬೇಡ ಎಂದು ಫೋನ್ ಮಾಡಿದಳು, ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದಳು, ಬಂದು ಮುಂದಿನ ಸೀಟಿನಲ್ಲಿ ಕೂತಳು.

"ಅಪ್ಪನ ಬೈಕ್ ಓಡ್ಸೇ ನಾ ಕಲ್ತಿದ್ದು," ಎಂದಳು. "ಇದ್ನ ಉರುಳ್ಸಿ ತುಳ್ದು ಎಬ್ಬುಸ್ಬೇಕು ಅಂತ್ಲೇ ಮುಟ್ದೇ ಇದ್ದಿದ್ದು. ಹಿಂದ ಕೂತ್ಕಳಿ."

ಕೂತೆ. ಅವಳು ಓಡಿಸುವುದೂ ಚೆನ್ನಾಗಿತ್ತು. ದಾರಿಯ ಎರಡು ಕಡೆ ಜಿಂಕೆಗಳಿದ್ದವು, ಎಳೆ ಬಿಸಿಲಿತ್ತು. ಮುಂದಿನಿಂದ ಅವಳು ಏನೋ ಹೇಳತೊಡಗಿದಳು. ಉದ್ದದ ವಿಷಯ, ಕೈ ಕೂಡ ಒಮ್ಮೆ ಎತ್ತಿದಳು. ಗಾಳಿ, ಎಂಜಿನ್ನಿನ ಸದ್ದು, ಎರಡು ಹೆಲ್ಮೆಟ್ಟು. ಒಂದೇ ಒಂದು ಪದ ನನ್ನ ಕಿವಿಗೆ ಬೀಳಲಿಲ್ಲ. ಅವಳು ಮಾತು ನಿಲ್ಲಿಸಿದ ಕಡೆಯೆಲ್ಲ ನಾನು ಹ್ಞೂಂ ಎಂದೆ. ಹೀಗೆ ಎರಡು ಮೂರು ಹ್ಞೂಂ ಆದ ಮೇಲೆ, ಇಷ್ಟು ವರ್ಷ ಈ ದಾರಿಯಲ್ಲಿ ನಾನು ಮಾಡಿದ ಭಾಷಣಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು. ತೆಪ್ಪಕಾಡಿನಲ್ಲಿ ಇಳಿದು, "ಏನು ಹೇಳ್ತಿದ್ದೆ?" ಎಂದು ಕೇಳಿದೆ. ಅವಳು ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡು, "ಏನೂ ಇಲ್ಲ ಬುಡಿ, ನೀವು ದಿನಾ ಹೇಳ್ತಿದ್ರಲ್ಲ, ಅಂಥದ್ದೇ," ಎಂದಳು.